ಬೈಸಿಕಲ್ ಪಂದ್ಯಗಾರರ ಕಾಲುನೋವು: ಒಂದು ಶರೀರಶಾಸ್ತ್ರ ಪಾಠ



ಶರೀರಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಹೃದಯದ ಚಿತ್ರವನ್ನು ಬರೆದು, ಶುದ್ಧ ರಕ್ತದ ನಾಳಗಳಿಗೆ ಕೆಂಪು ಬಣ್ಣವನ್ನೂ ಅಶುದ್ಧ ರಕ್ತದ ನಾಳಗಳಿಗೆ ನೀಲಿ ಬಣ್ಣವನ್ನೂ ಹಚ್ಚಿದವರೇ. ಆ ಕೆಂಪು ಗೆರೆಯು ಹೊಟ್ಟೆಯ ಕೆಳಗೆ ಎರಡಾಗಿ ಸೀಳಿ ಕಾಲುಗಳ ಕಡೆಗೆ ಇಳಿಯುವಲ್ಲಿಗೆ ನಮ್ಮ ಚಿತ್ರವು ಮುಗಿಯುತ್ತಿತ್ತು. ಈ ಪಾಠವು ಅಲ್ಲಿಂದಲೇ ಆರಂಭವಾಗುತ್ತದೆ. ಬೈಸಿಕಲ್ ಪಂದ್ಯಗಳಲ್ಲಿ ಸ್ಪರ್ಧಿಸುವ ಕೆಲವರಿಗೆ ಆ ಸ್ಥಳದ ರಕ್ತನಾಳದಲ್ಲಿ ಒಂದು ವಿಚಿತ್ರವಾದ ರೋಗವು ಉಂಟಾಗುತ್ತದೆ. ಈ ರೋಗವು ವಿರಳವಾದದ್ದು. ನಮ್ಮ ಮನೆಗಳಲ್ಲಿ ಯಾರಿಗೂ ಅದು ಬಾರದಿರಬಹುದು. ಆದರೂ ಅದರ ಚರಿತ್ರೆಯನ್ನು ತಿಳಿದುಕೊಳ್ಳುವದರಿಂದ ಮಕ್ಕಳನ್ನು ಬೆಳೆಸುವವರಿಗೂ ಕಲಿಸುವವರಿಗೂ ದೊಡ್ಡದೊಂದು ಪ್ರಯೋಜನವುಂಟು. ಅದು ಏನೆಂಬದನ್ನು ಪಾಠದ ಕೊನೆಯಲ್ಲಿ ಹೇಳುವೆನು.

೧. ರಕ್ತದ ದಾರಿ

ರಕ್ತವು ದೇಹದಲ್ಲಿ ಸುತ್ತುತ್ತಿರುತ್ತದೆಂಬದನ್ನು ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಹಾರ್ವೆಯು ೧೬೨೮ರಲ್ಲಿ ಪ್ರಕಟಿಸಿದ ಗ್ರಂಥದಿಂದ ಲೋಕಕ್ಕೆ ತಿಳಿಸಿದನು. ಹೃದಯದಿಂದ ಹೊರಟ ಮಹಾಧಮನಿಯು ಎದೆಯನ್ನು ದಾಟಿ, ಬೆನ್ನುಮೂಳೆಯ ಮುಂದುಗಡೆಯಲ್ಲಿ ಇಳಿದು, ಹೊಕ್ಕುಳಿನ ಸಮೀಪದಲ್ಲಿ ಎರಡು ಕವಲುಗಳಾಗುತ್ತದೆ. ಈ ಕವಲುಗಳಿಗೆ ಇಲಿಯಾಕ್ ಧಮನಿಗಳೆಂದು ಹೆಸರು. ಒಂದೊಂದು ಕವಲೂ ಪುನಃ ಎರಡಾಗಿ, ಒಳಗಿನದು ಕಿಬ್ಬೊಟ್ಟೆಯ ಅಂಗಗಳಿಗೂ ಪೃಷ್ಠಭಾಗಕ್ಕೂ ರಕ್ತವನ್ನು ಕೊಡುತ್ತದೆ. ಹೊರಗಿನದು ತೊಡೆಸಂದಿನ ಕಡೆಗೆ ಇಳಿಯುತ್ತದೆ. ತೊಡೆಸಂದಿನಲ್ಲಿರುವ ಒಂದು ಗಟ್ಟಿಯಾದ ಕಟ್ಟಿನ ಕೆಳಗೆ ನುಸುಳಿದ ಕೂಡಲೇ ಅದೇ ನಾಳಕ್ಕೆ ತೊಡೆಯ ಧಮನಿಯೆಂಬ ಹೆಸರು ಬರುತ್ತದೆ. ತೊಡೆಸಂದಿನ ಮೇಲೆ ಬೆರಳಿಟ್ಟರೆ ಅದರ ಬಡಿತವು ಸಿಕ್ಕುತ್ತದೆ.

ನಮ್ಮ ಪಾಠಕ್ಕೆ ಸಂಬಂಧಪಟ್ಟದ್ದು ಈ ಹೊರಗಿನ ಇಲಿಯಾಕ್ ಧಮನಿಯೇ. ಅದು ಸುಮಾರು ಒಂದು ಸೀಸದ ಕಡ್ಡಿಯಷ್ಟು ದಪ್ಪವಾಗಿದೆ. ಒಂದು ಕಾಲಿನ ತೊಡೆ, ಮೊಣಕಾಲು, ಮೀನಖಂಡ, ಪಾದ ಇವೆಲ್ಲವುಗಳಿಗೆ ಹೋಗತಕ್ಕ ರಕ್ತದಲ್ಲಿ ಬಹುಮಟ್ಟಿನದೆಲ್ಲವೂ ಇದೊಂದೇ ದಾರಿಯಿಂದ ಹೋಗಬೇಕು. ತೊಡೆಯನ್ನು ಮೇಲಕ್ಕೆತ್ತುವ ಸೋವಾಸ್ ಎಂಬ ಬಲವಾದ ಮಾಂಸಖಂಡವು ಈ ಧಮನಿಯ ಪಕ್ಕದಲ್ಲಿಯೇ ಇದೆ. ಕೆಲವರಲ್ಲಿ ಧಮನಿಯಿಂದ ಹೊರಟ ಸಣ್ಣ ಕವಲುಗಳು ಆ ಮಾಂಸಖಂಡಕ್ಕೆ ಸೇರಿ, ಹಗ್ಗದಿಂದ ಕರುವನ್ನು ಗೂಟಕ್ಕೆ ಕಟ್ಟಿದಂತೆ ಧಮನಿಯನ್ನು ಒಂದೇ ಸ್ಥಳದಲ್ಲಿ ಹಿಡಿದಿರುತ್ತವೆ.

೨. ವಿಶ್ರಾಂತಿಯ ಲೆಕ್ಕವೂ ದುಡಿಮೆಯ ಲೆಕ್ಕವೂ

ಸುಮ್ಮನೆ ಕುಳಿತಿರುವ ಮನುಷ್ಯನ ಹೃದಯವು ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ಹೊರಡಿಸುತ್ತದೆ. ಅದರಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ದೇಹದ ಮಾಂಸಖಂಡಗಳಿಗೆ ಸಲ್ಲುತ್ತದೆ. ಚೆನ್ನಾಗಿ ಪಳಗಿದ ಪಂದ್ಯಗಾರನು ತನ್ನ ಶಕ್ತಿಯನ್ನೆಲ್ಲಾ ಹಾಕಿ ಪೆಡಲು ತುಳಿಯುವಾಗಲಾದರೋ, ಅದೇ ಹೃದಯವು ನಿಮಿಷಕ್ಕೆ ೩೦ ಲೀಟರಿನಷ್ಟು ರಕ್ತವನ್ನು ಕಳುಹಿಸಬಲ್ಲದು. ಆಗ ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚು ದುಡಿಯುವ ಮಾಂಸಖಂಡಗಳಿಗೆ ಹರಿಯುತ್ತದೆ.

ತೋಟದ ಕಾಲುವೆಯನ್ನು ನೋಡಿರಿ. ನೀರು ಸಣ್ಣಗೆ ಹರಿಯುವಾಗ ಕಾಲುವೆಯ ನಡುವೆ ಒಂದು ಕಲ್ಲು ಬಿದ್ದಿದ್ದರೂ ಕಟ್ಟಕಡೆಯ ಗಿಡಕ್ಕೆ ನೀರು ಮುಟ್ಟುತ್ತದೆ. ಯಾರೂ ಆ ಕಲ್ಲನ್ನು ಗಮನಿಸುವದಿಲ್ಲ. ಹೆಚ್ಚು ನೀರು ಬೇಕೆಂದು ತೂಬನ್ನು ಪೂರಾ ಎತ್ತಿದಾಗ ಮಾತ್ರ ಆ ಕಲ್ಲಿನ ಅಡ್ಡಿಯು ಗೊತ್ತಾಗುತ್ತದೆ. ರಕ್ತನಾಳದ ಇಕ್ಕಟ್ಟೂ ಹಾಗೆಯೇ. ಫ್ರಾನ್ಸಿನ ವೈದ್ಯನಾದ ಪ್ವಾಸೇಯ್ ಎಂಬವನು ೧೮೪೦ರ ಸುಮಾರಿಗೆ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವಗಳನ್ನು ಹರಿಸಿ ಒಂದು ನಿಯಮವನ್ನು ಕಂಡುಹಿಡಿದನು. ಒತ್ತಡವು ಒಂದೇ ಆಗಿದ್ದರೆ, ಕೊಳವೆಯ ಅಗಲವು ಅರ್ಧವಾದಾಗ ಹರಿವು ಅರ್ಧವಾಗುವದಿಲ್ಲ. ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಿಡಿಯುವ ಧಮನಿಯು ಗಾಜಿನ ಕೊಳವೆಯಲ್ಲವಾದದರಿಂದ ಈ ಲೆಕ್ಕವು ಅದಕ್ಕೆ ಪೂರಾ ಹೊಂದುವದಿಲ್ಲ. ಆದರೂ ನಾಳವು ಸ್ವಲ್ಪ ಕಿರಿದಾದರೆ ನಷ್ಟವು ಸ್ವಲ್ಪವೇ ಎಂದು ಎಣಿಸಕೂಡದೆಂಬದು ಇದರಿಂದ ತಿಳಿಯುತ್ತದೆ.

೩. ರೋಗವು ಹುಟ್ಟುವ ಬಗೆ

ಪಂದ್ಯದ ಬೈಸಿಕಲ್ಲಿನ ಮೇಲೆ ಕುಳಿತವನು ಗಾಳಿಯ ತಡೆಯನ್ನು ತಪ್ಪಿಸಿಕೊಳ್ಳುವದಕ್ಕಾಗಿ ಬೆನ್ನನ್ನು ಬಾಗಿಸಿ, ಎದೆಯನ್ನು ಹ್ಯಾಂಡಲಿನ ಮೇಲಕ್ಕೆ ತಗ್ಗಿಸಿರುತ್ತಾನೆ. ಆಗ ತೊಡೆಯು ಮೇಲೆ ಬಂದಾಗಲೆಲ್ಲಾ ಹೊಟ್ಟೆಗೆ ತಾಗುವಷ್ಟು ಸಮೀಪವಾಗುತ್ತದೆ. ತೊಡೆಸಂದಿನ ಮೇಲಿರುವ ಧಮನಿಯು ಬಾಗುತ್ತದೆ. ನಿಮಿಷಕ್ಕೆ ೯೦ ಸುತ್ತಿನ ಪ್ರಕಾರ ತುಳಿದರೆ ಒಂದು ಗಂಟೆಗೆ ೫,೪೦೦ ಸಾರಿ, ನಾಲ್ಕು ಗಂಟೆಗೆ ೨೧,೬೦೦ ಸಾರಿ ಆ ನಾಳವು ಬಾಗಿ ನೆಟ್ಟಗಾಗಬೇಕು. ಹೀಗೆ ವರುಷದಲ್ಲಿ ಹೆಚ್ಚಿನ ದಿನಗಳಲ್ಲಿ, ಅನೇಕ ವರುಷಗಳ ತನಕ ನಡೆಯುತ್ತದೆ. ಅದರೊಳಗಿನಿಂದ ರಕ್ತವು ಮಹಾವೇಗದಿಂದ ನುಗ್ಗುತ್ತದೆ. ಪಕ್ಕದಲ್ಲಿ ದಪ್ಪವಾಗಿ ಬೆಳೆದ ಸೋವಾಸ್ ಮಾಂಸಖಂಡವು ಅದನ್ನು ಒತ್ತುತ್ತದೆ. ಮೇಲೆ ಹೇಳಿದ ಸಣ್ಣ ಕವಲುಗಳು ಅದನ್ನು ಸರಿದಾಡಗೊಡದೆ ಹಿಡಿದೆಳೆಯುತ್ತವೆ. ಇವುಗಳಲ್ಲಿ ಒಂದೇ ಕಾರಣವಲ್ಲ, ಎಲ್ಲವೂ ಕೂಡಿ ಕೆಲಸಮಾಡುತ್ತವೆಂದು ವೈದ್ಯರು ಎಣಿಸುತ್ತಾರೆ.

ಇದರ ಫಲವಾಗಿ ಕೆಲವರಲ್ಲಿ ಧಮನಿಯ ಒಳಪದರವು ನಾರಿನಂಥ ವಸ್ತುವಿನಿಂದ ತುಂಬಿ ದಪ್ಪವಾಗುತ್ತದೆ. ಹಾರೆಯನ್ನು ಹಿಡಿದ ಅಂಗೈಯಲ್ಲಿ ಜಡ್ಡುಗಟ್ಟುವಂತೆ ನಾಳದೊಳಗೂ ಒಂದು ವಿಧವಾದ ಜಡ್ಡುಗಟ್ಟುತ್ತದೆಂದು ತಿಳಿದರೆ ಸಾಕು. ಇದಕ್ಕೆ ವೈದ್ಯರು ಎಂಡೋಫೈಬ್ರೋಸಿಸ್ ಎಂದು ಹೆಸರಿಟ್ಟಿದ್ದಾರೆ. ಬೇರೆ ಕೆಲವರಲ್ಲಿ ಧಮನಿಯು ಇರಬೇಕಾದದ್ದಕ್ಕಿಂತ ಉದ್ದವಾಗಿ, ತೊಡೆಯನ್ನು ಮಡಚಿದಾಗ ಮುರಿದ ರಬ್ಬರ್ ಕೊಳವೆಯಂತೆ ಮಡಿಕೆಗೊಳ್ಳುತ್ತದೆ. ಈ ಎರಡು ದೋಷಗಳು ಒಬ್ಬರಲ್ಲಿಯೇ ಕೂಡಿರುವದೂ ಉಂಟು.

ಮುದುಕರಲ್ಲಿ, ಹೊಗೆ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಧಮನಿಗಳೊಳಗೆ ಕೊಬ್ಬು ಕೂಡಿ ನಾಳವು ಕಟ್ಟಿಕೊಳ್ಳುವ ರೋಗವನ್ನು ಎಲ್ಲರೂ ಕೇಳಿದ್ದೇವೆ. ಇದು ಅದಲ್ಲ. ಇಲ್ಲಿ ಕೊಬ್ಬಿನ ಮುದ್ದೆಯಾಗಲಿ ಸುಣ್ಣಗಟ್ಟುವಿಕೆಯಾಗಲಿ ಸಾಮಾನ್ಯವಾಗಿ ಕಾಣಬರುವದಿಲ್ಲ. ರೋಗಿಯು ಯೌವನಸ್ಥನು, ದುಶ್ಚಟವಿಲ್ಲದವನು, ಊರಿನಲ್ಲಿ ಎಲ್ಲರಿಗಿಂತ ದೃಢಕಾಯನೆಂದು ಹೆಸರುಹೊಂದಿದವನು. ಇಂಥವನಿಗೆ ರಕ್ತನಾಳದ ರೋಗವಿರಬಹುದೆಂದು ಯಾರು ತಾನೇ ಶಂಕಿಸುವರು?

೪. ಲಕ್ಷಣಗಳು

ರೋಗಿಯು ನಡೆಯುವಾಗ, ಮೆಟ್ಟಲು ಹತ್ತುವಾಗ, ನಿಧಾನವಾಗಿ ಬೈಸಿಕಲ್ ತುಳಿಯುವಾಗ ಯಾವ ತೊಂದರೆಯೂ ಇಲ್ಲ. ಗುಡ್ಡವನ್ನೇರುವಾಗ ಅಥವಾ ಪಂದ್ಯದ ಕೊನೆಯಲ್ಲಿ ಪೂರ್ಣ ಬಲವನ್ನು ಹಾಕುವಾಗ ಒಂದು ಕಾಲಿನ ತೊಡೆ, ಪೃಷ್ಠ ಅಥವಾ ಮೀನಖಂಡವು ಬಿಗಿದುಕೊಂಡು ನೋಯುತ್ತದೆ. ಕಾಲಿನಲ್ಲಿ ಶಕ್ತಿಯೇ ಇಲ್ಲದಂತಾಗುತ್ತದೆ. ಕೆಲವರಿಗೆ ಪಾದವು ಜೋಮು ಹಿಡಿಯುತ್ತದೆ. ತುಳಿಯುವದನ್ನು ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಎಲ್ಲವೂ ಮಾಯವಾಗುತ್ತದೆ. ಮಾರನೆಯ ದಿನ ಅದೇ ಬಲವನ್ನು ಹಾಕಿದಾಗ ಅದೇ ನೋವು ತಿರಿಗಿ ಬರುತ್ತದೆ. ಸಾಮಾನ್ಯವಾಗಿ ಒಂದೇ ಕಾಲಿಗೆ ಬರುವದು, ಎರಡಕ್ಕೂ ಬರುವದುಂಟು. ಬೈಸಿಕಲ್ಲಿನವರಿಗೆ ಮಾತ್ರವಲ್ಲದೆ ಮಂಜುಗಡ್ಡೆಯ ಮೇಲೆ ಬಾಗಿ ಜಾರುವ ಪಂದ್ಯಗಾರರಿಗೂ ದೂರದ ಓಟಗಾರರಿಗೂ ಇದು ಬಂದದ್ದುಂಟು.

೫. ಹೆಸರಿಲ್ಲದಿದ್ದ ನೋವು

ಫ್ರಾನ್ಸ್ ದೇಶವನ್ನು ಸುತ್ತುವ ಪ್ರಸಿದ್ಧವಾದ ಬೈಸಿಕಲ್ ಪಂದ್ಯವು ೧೯೦೩ರಲ್ಲಿ ಆರಂಭವಾಯಿತು. ಈ ರೋಗವನ್ನು ಅದೇ ದೇಶದ ಲಿಯೋನ್ ಪಟ್ಟಣದ ಶಸ್ತ್ರವೈದ್ಯರು ಗುರುತಿಸಿ ವೈದ್ಯಪತ್ರಿಕೆಗಳಲ್ಲಿ ವರ್ಣಿಸಿದ್ದು ೧೯೮೦ರ ದಶಕದ ಮಧ್ಯಭಾಗದಲ್ಲಿ. ನಡುವಣ ಎಂಭತ್ತು ವರುಷಗಳಲ್ಲಿಯೂ ಪಂದ್ಯಗಾರರು ಗುಡ್ಡಗಳನ್ನು ಏರುತ್ತಿದ್ದರು, ಅವರ ತೊಡೆಗಳು ಹಾಗೆಯೇ ಮಡಚುತ್ತಿದ್ದವು. ಅವರಲ್ಲಿಯೂ ಕೆಲವರು ಈ ನೋವನ್ನು ಅನುಭವಿಸಿರಬೇಕು. ಆದರೆ ಅದಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ ನೋವಿಗೆ ಜನರು ತಾವೇ ಒಂದು ಹೆಸರನ್ನಿಡುತ್ತಾರೆ: ಅಭ್ಯಾಸ ಸಾಲದು, ಧೈರ್ಯ ಸಾಲದು, ಮನಸ್ಸಿಲ್ಲ.

ಆ ಬಳಿಕ ನೆದರ್ಲೆಂಡ್ಸ್ ದೇಶದ ವೈದ್ಯರು ಈ ವಿಷಯದಲ್ಲಿ ಬಹಳ ಶೋಧನೆಮಾಡಿದರು. ಉನ್ನತ ದರ್ಜೆಯ ಬೈಸಿಕಲ್ ಪಂದ್ಯಗಾರರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇಲಿಯಾಕ್ ಧಮನಿಯ ಹರಿವಿನಲ್ಲಿ ಯಾವದಾದರೊಂದು ಅಡ್ಡಿಯುಂಟಾಗಬಹುದೆಂದು ಅವರು ೨೦೦೪ರಲ್ಲಿ ಅಂದಾಜುಮಾಡಿದರು. ಈ ಮಾತು ಪಂದ್ಯವನ್ನೇ ಜೀವನವಾಗಿ ಮಾಡಿಕೊಂಡವರ ವಿಷಯವಾದದ್ದು. ಶಾಲೆಗೂ ಕೆಲಸಕ್ಕೂ ಬೈಸಿಕಲ್ಲಿನ ಮೇಲೆ ಹೋಗಿಬರುವವರಿಗೆ ಇದರಿಂದ ಭಯವಿಲ್ಲ. ನಮ್ಮ ರಾಜ್ಯದಲ್ಲಿ ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವು ಬೈಸಿಕಲ್ಲುಗಳನ್ನು ಕೊಡಲಾರಂಭಿಸಿದಾಗ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಶಾಲೆಯ ದಾರಿಯು ಹತ್ತಿರವಾಯಿತು. ಈ ಪಾಠವನ್ನೋದಿ ಯಾರೂ ಮಗಳ ಬೈಸಿಕಲ್ಲನ್ನು ಮೂಲೆಗಿಡಬಾರದು. ವಿಜಯಪುರ, ಬಾಗಲಕೋಟೆ ಸೀಮೆಗಳಲ್ಲಿ ಪಂದ್ಯಕ್ಕೆಂದೇ ಅಭ್ಯಾಸಮಾಡುವ ಹುಡುಗರೂ ಹುಡುಗಿಯರೂ ಇದ್ದಾರೆ. ಅಂಥವರೂ ಅವರ ಶಿಕ್ಷಕರೂ ಮಾತ್ರ ಇದನ್ನು ತಿಳಿದಿರುವದು ಅವಶ್ಯ.

೬. ಪರೀಕ್ಷೆ

ಈ ರೋಗವು ಇಷ್ಟು ಕಾಲ ಅಡಗಿಕೊಂಡಿದ್ದದ್ದು ಹೇಗೆ? ವೈದ್ಯನು ರೋಗಿಯನ್ನು ಮೇಜಿನ ಮೇಲೆ ಮಲಗಿಸಿ ಪರೀಕ್ಷಿಸುತ್ತಾನೆ. ಮಲಗಿದವನ ತೊಡೆಯು ನೆಟ್ಟಗಿದೆ, ಹೃದಯವು ಶಾಂತವಾಗಿದೆ, ಕಾಲಿಗೆ ಬೇಕಾದ ರಕ್ತವು ಸ್ವಲ್ಪವೇ. ನಾಡಿಯು ಚೆನ್ನಾಗಿ ಸಿಕ್ಕುತ್ತದೆ. ದೋಷವೇನೂ ಇಲ್ಲವೆಂದು ವೈದ್ಯನು ಹೇಳುತ್ತಾನೆ; ಆ ಸ್ಥಿತಿಯಲ್ಲಿ ಅವನು ಕಂಡದ್ದು ಸುಳ್ಳಲ್ಲ. ಆ ಮೇಲೆ ಮಾಂಸಖಂಡ, ನರ, ಬೆನ್ನುಮೂಳೆ, ಕೊನೆಗೆ ಮನಸ್ಸು, ಹೀಗೆ ಒಂದೊಂದರ ಮೇಲೆಯೂ ತಪ್ಪು ಹೊರಿಸಿ ವರುಷಗಳು ಕಳೆಯುತ್ತವೆ.

ಆದದರಿಂದ ತಿಳಿದ ವೈದ್ಯರು ರೋಗಿಯನ್ನು ದುಡಿಸಿ ಪರೀಕ್ಷಿಸುತ್ತಾರೆ. ಮೊದಲು ಮಲಗಿಸಿ ತೋಳಿನ ರಕ್ತದೊತ್ತಡವನ್ನೂ ಹರಡಿನ, ಅಂದರೆ ಪಾದದ ಗಿಣ್ಣಿನ, ರಕ್ತದೊತ್ತಡವನ್ನೂ ಅಳೆಯುತ್ತಾರೆ. ತೋಳಿನಲ್ಲಿ ೧೨೦ ಇದ್ದರೆ ಹರಡಿನಲ್ಲಿಯೂ ಅಷ್ಟೇ ಅಥವಾ ತುಸು ಹೆಚ್ಚು ಇರುವದು ಆರೋಗ್ಯದ ಲಕ್ಷಣ. ಅನಂತರ ರೋಗಿಯನ್ನು ಪರೀಕ್ಷೆಯ ಬೈಸಿಕಲ್ಲಿನ ಮೇಲೆ ಪಂದ್ಯದ ಭಂಗಿಯಲ್ಲಿ ಕುಳ್ಳಿರಿಸಿ, ನೋವು ಬರುವ ತನಕ ತುಳಿಸಿ, ಇಳಿದ ಕೂಡಲೇ ಪುನಃ ಅಳೆಯುತ್ತಾರೆ. ದೃಷ್ಟಾಂತಕ್ಕಾಗಿ, ತೋಳಿನಲ್ಲಿ ೨೦೦ ಇರುವಾಗ ನೋಯುವ ಕಾಲಿನ ಹರಡಿನಲ್ಲಿ ೯೦ ಮಾತ್ರ ಸಿಕ್ಕಿದರೆ, ಎರಡನೆಯದು ಮೊದಲನೆಯದರ ಅರ್ಧಕ್ಕೂ ಕಡಿಮೆ. ಬಲವಾದ ದುಡಿಮೆಯ ಮೇಲೆ ಆರೋಗ್ಯವಂತನ ಹರಡಿನ ಒತ್ತಡವೂ ತೋಳಿನದಕ್ಕಿಂತ ಸ್ವಲ್ಪ ತಗ್ಗುವದುಂಟಾದದರಿಂದ, ಎರಡು ಕಾಲುಗಳನ್ನೂ ಹೋಲಿಸಿ, ಎಷ್ಟು ಬೇಗ ಸರಿಹೋಗುತ್ತದೆಂಬದನ್ನೂ ನೋಡುತ್ತಾರೆ. ಅಳೆಯುವದಕ್ಕೆ ತಡಮಾಡಿದರೆ ಸಾಕ್ಷಿಯು ಮರೆಯಾಗುತ್ತದೆ. ಶಬ್ದತರಂಗಗಳಿಂದ ರಕ್ತದ ವೇಗವನ್ನು ತೋರಿಸುವ ಡಾಪ್ಲರ್ ಯಂತ್ರವನ್ನೂ, ಕಾಂತಶಕ್ತಿಯಿಂದ ನಾಳಗಳ ಚಿತ್ರವನ್ನು ತೆಗೆಯುವ ಯಂತ್ರವನ್ನೂ ಉಪಯೋಗಿಸುವದುಂಟು. ಅಲ್ಲಿಯೂ ತೊಡೆಯನ್ನು ಮಡಚಿಸಿ ನೋಡಿದರೆ ಮಾತ್ರ ಕೆಲವು ದೋಷಗಳು ಕಾಣುತ್ತವೆ.

೭. ಚಿಕಿತ್ಸೆ

ಪಂದ್ಯವನ್ನು ಬಿಟ್ಟು ಸಾಧಾರಣವಾಗಿ ಜೀವಿಸಲು ಒಪ್ಪುವವರಿಗೆ ಅನೇಕವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುವದಿಲ್ಲ. ದೋಷವು ಸ್ವಲ್ಪವಾಗಿದ್ದರೆ ಹ್ಯಾಂಡಲನ್ನು ಎತ್ತರಿಸಿ, ಬೆನ್ನನ್ನು ಅಷ್ಟು ಬಾಗಿಸದೆ, ತೊಡೆಯು ಹೆಚ್ಚು ಮಡಚದಂತೆ ಆಸನವನ್ನು ತಿದ್ದಿಕೊಳ್ಳುವದರಿಂದ ಉಪಶಮನವಾಗುವದುಂಟು. ಪಂದ್ಯವನ್ನು ಬಿಡಲಾರದವರಿಗೆ ಶಸ್ತ್ರವೈದ್ಯರು ಧಮನಿಯನ್ನು ಹಿಡಿದೆಳೆಯುವ ಕವಲನ್ನು ಬಿಡಿಸುತ್ತಾರೆ. ಉದ್ದವಾದ ನಾಳವನ್ನು ಮೊಟಕುಮಾಡುತ್ತಾರೆ. ಅಥವಾ ನಾಳವನ್ನು ಸೀಳಿ ಒಳಗಿನ ಜಡ್ಡನ್ನು ತೆಗೆದು, ರೋಗಿಯ ದೇಹದಿಂದಲೇ ತೆಗೆದ ರಕ್ತನಾಳದ ತುಂಡನ್ನು ತೇಪೆಯಾಗಿ ಹೊಲಿಯುತ್ತಾರೆ. ಹೃದ್ರೋಗಿಗಳ ನಾಳಗಳಲ್ಲಿ ಇಡುವಂಥ ಲೋಹದ ಜಾಲರಿಯ ಕೊಳವೆಯನ್ನು ಇಲ್ಲಿ ಇಡುವದು ಉಚಿತವಲ್ಲವೆಂಬದು ಬಲ್ಲವರ ಅಭಿಪ್ರಾಯ. ಯಾಕಂದರೆ ದಿನಕ್ಕೆ ಸಾವಿರಾರು ಸಾರಿ ಬಾಗುವ ಸ್ಥಳದಲ್ಲಿ ಅದು ಕೆಡುವ ಸಂಭವವುಂಟು. ಶಸ್ತ್ರಚಿಕಿತ್ಸೆಯು ಹಗುರವಾದದ್ದಲ್ಲ, ಪುನಃ ಪೂರ್ಣ ಬಲದಿಂದ ಪಂದ್ಯಕ್ಕಿಳಿಯಲು ತಿಂಗಳುಗಳು ಹಿಡಿಯುತ್ತವೆ, ಮತ್ತು ದೋಷವು ಮರಳಿ ಬರುವದೂ ಉಂಟು.

೮. ಒಬ್ಬ ಹೆಣ್ಣುಮಗಳ ದೃಷ್ಟಾಂತ

ಫ್ರಾನ್ಸ್ ದೇಶದ ಪೋಲೀನ್ ಫೆರಾಂ-ಪ್ರೆವೋ ಎಂಬಾಕೆಯು ೧೯೯೨ರಲ್ಲಿ ಹುಟ್ಟಿದವಳು. ೨೦೧೪ರಲ್ಲಿ ರಸ್ತೆಯ ಬೈಸಿಕಲ್ ಪಂದ್ಯದಲ್ಲಿಯೂ, ೨೦೧೫ರಲ್ಲಿ ಕೆಸರುದಾರಿಯ ಪಂದ್ಯದಲ್ಲಿಯೂ ಬೆಟ್ಟದ ದಾರಿಯ ಪಂದ್ಯದಲ್ಲಿಯೂ ಲೋಕದ ಪ್ರಥಮಸ್ಥಾನವನ್ನು ಪಡೆದು, ಈ ಮೂರು ಬಿರುದುಗಳನ್ನು ಏಕಕಾಲದಲ್ಲಿ ಧರಿಸಿದವರಲ್ಲಿ ಮೊದಲಿಗಳಾದಳು. ಮಾರನೆಯ ವರುಷದಿಂದಲೇ ಆಕೆಯ ದೆಸೆಯು ತಿರುಗಿತು. ೨೦೧೬ರಲ್ಲಿ ರಿಯೋ ಪಟ್ಟಣದ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಟ್ಟದ ಪಂದ್ಯವನ್ನು ಮುಗಿಸಲಾರದೆ ನಡುವೆ ಬಿಟ್ಟಳು. ದೇಹದೊಡನೆ ಮನಸ್ಸೂ ಕುಗ್ಗಿತೆಂದು ಆಕೆಯೇ ಬಹಿರಂಗವಾಗಿ ಹೇಳಿಕೊಂಡಳು. ಇಪ್ಪತ್ತಮೂರು ವರುಷಕ್ಕೆ ಲೋಕವನ್ನು ಗೆದ್ದವಳು ಇಪ್ಪತ್ತನಾಲ್ಕಕ್ಕೆ ಮುಗಿದುಹೋದಳೆಂದು ನೋಡುವವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಕಾಲಿನ ಇಲಿಯಾಕ್ ಧಮನಿಯಲ್ಲಿ ಎಂಡೋಫೈಬ್ರೋಸಿಸ್ ಇದೆಯೆಂದು ಕಡೆಗೆ ಗೊತ್ತಾಗಿ, ೨೦೧೯ರ ಆರಂಭದಲ್ಲಿ ಆಕೆಗೆ ಶಸ್ತ್ರಚಿಕಿತ್ಸೆಯಾಯಿತು. ಅದೇ ವರುಷ ಬೆಟ್ಟದ ದಾರಿಯಲ್ಲಿ ಮತ್ತೆ ಲೋಕದ ಪ್ರಥಮಸ್ಥಾನವನ್ನು ಪಡೆದಳು. ದೋಷವು ಮರುಕಳಿಸಿದ್ದರಿಂದ ಎರಡನೆಯ ಸಾರಿ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳಬೇಕಾಯಿತು. ಅದನ್ನೂ ಸಹಿಸಿ, ೨೦೨೪ರಲ್ಲಿ ಪ್ಯಾರಿಸಿನ ಒಲಿಂಪಿಕ್ ಕ್ರೀಡೆಗಳಲ್ಲಿ ಬಂಗಾರದ ಪದಕವನ್ನು ಗಳಿಸಿದಳು. ೨೦೨೫ರಲ್ಲಿ ಫ್ರಾನ್ಸ್ ದೇಶವನ್ನು ಸುತ್ತುವ ಸ್ತ್ರೀಯರ ಪಂದ್ಯದಲ್ಲಿಯೂ ಜಯಹೊಂದಿದಳು. ರೋಗದಲ್ಲಿಯೂ ಜಯದಲ್ಲಿಯೂ ಆಕೆಯು ಅದೇ ಹೆಣ್ಣುಮಗಳು. ಹಟವು ನಡುವೆ ಕಡಿಮೆಯಾಗಿ ಆ ಮೇಲೆ ಹೆಚ್ಚಿದ್ದಲ್ಲ. ನೋವಿಗೆ ಹೆಸರು ಸಿಕ್ಕಿತು, ದಾರಿಯಲ್ಲಿದ್ದ ಅಡ್ಡಿಯು ತೆಗೆಯಲ್ಪಟ್ಟಿತು.

ಎಲ್ಲರಿಗೂ ಇಂಥ ಜಯವು ದೊರೆಯುವದಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆಯೂ ಮುಂಚಿನ ಬಲವು ಬಾರದೆ ಪಂದ್ಯವನ್ನು ಬಿಟ್ಟವರೂ ಉಂಟು. ಆದರೆ ತಮ್ಮ ನೋವು ನಿಜವಾದದ್ದೆಂಬ ಸಮಾಧಾನವಾದರೂ ಅವರಿಗೆ ದೊರೆಯಿತು.

೯. ನಮಗೆ ಪಾಠವೇನು?

ಆರಂಭದಲ್ಲಿ ಹೇಳಿದ ಪ್ರಯೋಜನವು ಇದೇ: ವಿಶ್ರಾಂತಿಯಲ್ಲಿ ಕಾಣದಿರುವ ನೋವು ಇಲ್ಲದ ನೋವಲ್ಲ.

ನಮ್ಮ ಮನೆಗಳಲ್ಲಿ ಎಂಡೋಫೈಬ್ರೋಸಿಸ್ ಇರಲಾರದು. ಆದರೆ ದುಡಿಯುವಾಗ ಮಾತ್ರ ತಲೆದೋರುವ ಬೇರೆ ರೋಗಗಳು ಬೇಕಾದಷ್ಟಿವೆ. ರಕ್ತಹೀನತೆಯುಳ್ಳ ಹುಡುಗಿಯು ಕುಳಿತು ಓದುವಾಗ ಎಲ್ಲರಂತೆಯೇ ಇರುತ್ತಾಳೆ. ಎರಡು ಕೊಡ ನೀರು ಹೊತ್ತಾಗ, ಆಟದ ಬೈಲಿನಲ್ಲಿ ಒಂದು ಸುತ್ತು ಓಡಿದಾಗ ಏದುಸಿರು ಬಿಡುತ್ತಾಳೆ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಈ ರೋಗವು ಎಷ್ಟು ಹೆಚ್ಚೆಂಬದನ್ನು ವೈದ್ಯರೆಲ್ಲರೂ ಬಲ್ಲರು. ಕೆಲವು ಮಕ್ಕಳಿಗೆ ಓಡಿದಾಗ ಮಾತ್ರ ಉಬ್ಬಸ ಬರುತ್ತದೆ. ಹೃದಯದ ಕವಾಟಗಳಲ್ಲಿ ದೋಷವಿರುವವರಿಗೂ ಮೊದಮೊದಲು ಶ್ರಮಪಟ್ಟಾಗಲೇ ಆಯಾಸವು ತೋರುತ್ತದೆ. ಇಂಥ ಮಗುವನ್ನು ಮೈಗಳ್ಳಿಯೆಂದು ಕರೆಯುವದು ಸುಲಭ. ಯಾಕಂದರೆ ಕೆಲಸವನ್ನು ಬಿಡಿಸಿದ ಕೂಡಲೇ ಆಕೆಯು ಚೆನ್ನಾಗಿಯೇ ಕಾಣುತ್ತಾಳೆ. ಚೆನ್ನಾಗಿ ಕಾಣುವದೇ ಆಕೆಯ ವಿರುದ್ಧವಾದ ಸಾಕ್ಷಿಯಾಗಿ ನಿಲ್ಲುತ್ತದೆ.

ಆದದರಿಂದ ಪಾಲಕರೂ ಶಿಕ್ಷಕಿಯರೂ ಮೂರು ಸಂಗತಿಗಳನ್ನು ನೆನಪಿಡತಕ್ಕದ್ದು. ಮೊದಲನೆಯದಾಗಿ, ಮಗುವು ನೋವೆಂದು ಹೇಳಿದರೆ ತೀರ್ಪುಮಾಡುವದಕ್ಕೆ ಮುಂಚೆ ವಿಚಾರಿಸಬೇಕು: ಎಲ್ಲಿ, ಯಾವಾಗ, ಏನು ಮಾಡುತ್ತಿರುವಾಗ, ಎಷ್ಟು ಹೊತ್ತಿಗೆ ನಿಂತಿತು? ಎರಡನೆಯದಾಗಿ, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿಸಾರಿಯೂ ಒಂದೇ ಕಾಲಿನಲ್ಲಿ, ಒಂದೇ ಬಗೆಯ ಶ್ರಮದಲ್ಲಿ ಬಂದು ವಿಶ್ರಾಂತಿಯಿಂದ ಹೋಗುವ ನೋವು ನಟನೆಯಾಗಿರುವದು ಅಪರೂಪ. ಮೂರನೆಯದಾಗಿ, ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ, ಶ್ರಮದ ವೇಳೆಯಲ್ಲಿ ಅಥವಾ ಅದರ ಬೆನ್ನಿಗೇ ಪರೀಕ್ಷಿಸುವದಕ್ಕೆ ಸಾಧ್ಯವೋ ಎಂದು ವಿನಯದಿಂದ ಕೇಳಬೇಕು. ಸೋಮಾರಿತನವೂ ಲೋಕದಲ್ಲಿ ಉಂಟೆಂಬದನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ಸೋಮಾರಿಯನ್ನು ತಪ್ಪಾಗಿ ನಂಬಿದರೆ ಒಂದು ದಿನದ ಕೆಲಸವು ಕೆಡುತ್ತದೆ. ರೋಗಿಯನ್ನು ತಪ್ಪಾಗಿ ಸೋಮಾರಿಯೆಂದರೆ ಒಂದು ಜೀವವೇ ಕುಗ್ಗುತ್ತದೆ.

ಅಪೊಸ್ತಲನಾದ ಪೌಲನು ಸಭೆಯನ್ನು ಒಂದು ದೇಹಕ್ಕೆ ಹೋಲಿಸಿದ್ದನ್ನು ನಾವು ಬೈಬಲ್ ತರಗತಿಯಲ್ಲಿ ಕಲಿತಿದ್ದೇವೆ. ಕಾಲಿಗೆ ರಕ್ತವು ಸಾಲದಿದ್ದಾಗ ಓಡಲಾರದೆ ನಿಲ್ಲುವದು ಕಾಲು ಮಾತ್ರವಲ್ಲ, ಮನುಷ್ಯನೇ. ಮನೆಯಲ್ಲಿಯೂ ಶಾಲೆಯಲ್ಲಿಯೂ ಹಿಂದೆ ಬಿದ್ದ ಮಗುವನ್ನು ಕಂಡಾಗ ಬೇಗ ನಡೆ ಎಂದು ಗದರಿಸುವದಕ್ಕೆ ಮುಂಚೆ, ಆಕೆಯ ದಾರಿಯಲ್ಲಿ ನಮ್ಮ ಕಣ್ಣಿಗೆ ಕಾಣದ ಕಲ್ಲೇನಾದರೂ ಬಿದ್ದಿದೆಯೋ ಎಂದು ನೋಡೋಣ. ಆ ಕಲ್ಲನ್ನು ಹುಡುಕುವ ತಾಳ್ಮೆಯನ್ನು ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ.